ಬೈಗುಳ ತಲುಪದ ಬೀದಿ

ಹೊಸ ವರ್ಷದ ಮೊದಲ ದಿನ ನೀರು ಸರಬರಾಜು ಕಚೇರಿಯ ಗೋಡೆಗೆ ಒಂದು ಬಟ್ಟೆಯ ಬ್ಯಾನರು ಏರಿತು. ‘ಈ ವರ್ಷ ದಯೆ, ಶಾಂತಿ, ತಾಳಿಕೆ’ ಎಂದು ಅದರ ಮೇಲೆ ನೀಲಿ ಬಣ್ಣದ ದಪ್ಪ ಅಕ್ಷರ. ಮೇಲಿನ ಕಚೇರಿಯಿಂದ ಬಂದ ಆದೇಶ. ಜಗತ್ತು ಹದಗೆಟ್ಟು ಹೋಗಿದೆ, ಅದನ್ನು ನೆಟ್ಟಗೆ ಮಾಡುವ ಕೆಲಸವನ್ನು ಇಲಾಖೆಗಳಿಗೆ ಹಂಚಿಕೊಟ್ಟಿದ್ದಾರೆ, ನೀರಿನವರ ಪಾಲಿಗೆ ಇಷ್ಟು ಬಂದಿದೆ ಎನ್ನುವಂತಿತ್ತು ಅದರ ಧಾಟಿ.

ಗೋಡೆಯ ಒಂದು ತುದಿಯಲ್ಲಿ ಮೊಳೆ ನಿಲ್ಲಲಿಲ್ಲ. ಹಾಗಾಗಿ ವಾಲ್ವ್‌ಮನ್ ಬ್ಯಾನರಿನ ದಾರವನ್ನು ಎಳೆದು ತಂದು, ದೂರು ಕೇಳುವ ಫೋನಿನ ಮೇಜಿನ ಹಿಂದಿದ್ದ ಕಿಟಕಿಯ ಸರಳಿಗೆ ಬಿಗಿದ. ಸ್ಟೂಲಿನಿಂದ ಇಳಿದು, ಹಿಂದೆ ಸರಿದು ನೋಡಿದಾಗಲೇ ತಾನು ಮಾಡಿದ್ದೇನು ಎಂಬುದು ಅವನಿಗೆ ಹೊಳೆದದ್ದು. ‘ದಯೆ’ ಎಂಬ ಮಾತು ಸರಿಯಾಗಿ ಆ ಮೇಜಿನ ಜೋರಮ್ಮನ ನೆತ್ತಿಯ ಮೇಲೆ ಬಂದು ಕೂತಿತ್ತು.

“ಏನಯ್ಯಾ, ಹಲ್ಲು ಕಿಸೀತಿದೀಯಾ?” ಎಂದಳು ಜೋರಮ್ಮ.

“ಏನಿಲ್ಲ ಅತ್ತಿಗೆ, ನಿಮಗೆ ಒಪ್ಪುತ್ತೆ,” ಎಂದವನು ಅಲ್ಲಿ ನಿಲ್ಲಲಿಲ್ಲ. ಕಾಲಿಗೆ ಬುದ್ಧಿ ಹೇಳಿದ.

ಜೋರಮ್ಮ ಎನ್ನುವುದು ಅವಳ ಹೆಸರಲ್ಲ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು, ಅದನ್ನು ಓದಿದಾಗ ಅವಳಿಗೇ ಯಾರೋ ದೂರದ ನೆಂಟರ ಹೆಸರಿದ್ದಂತೆ ಕಾಣುತ್ತಿತ್ತು. ಪಟ್ಟಣದಲ್ಲಿ ಯಾರ ಮನೆಯ ನಲ್ಲಿ ಬತ್ತಿದರೂ, ಯಾವ ಬೀದಿಯ ಪೈಪು ಒಡೆದರೂ ಮೊದಲು ಅವಳ ಕಿವಿಗೆ ಬೀಳಬೇಕು. ಬಿದ್ದ ತಕ್ಷಣ ಅವಳು ದೂರು ಕೊಟ್ಟವರನ್ನು ಬೈಯುತ್ತಿದ್ದಳು. ಆಮೇಲೆ ರಿಪೇರಿಯವರನ್ನು ಬೈಯುತ್ತಿದ್ದಳು. ನಡುವೆ ಎಲ್ಲೋ ನೀರು ಬಂದುಬಿಡುತ್ತಿತ್ತು.

ಈ ಬೈಗುಳಕ್ಕೂ ಒಂದು ಕ್ರಮವಿತ್ತು. ವಾಲ್ವ್‌ಮನ್ ಬೇರೆ ಯಾರೂ ಅಲ್ಲ, ಅವಳ ಗಂಡನ ತಮ್ಮ. “ಏನಯ್ಯಾ” ಎಂದು ಶುರುವಾದರೆ ಕೈಯಲ್ಲಿರುವ ಕೆಲಸ ಮುಗಿಸಿ ಹೋಗಬಹುದು. “ಲೋ ಕುಂಭಕರ್ಣ” ಎಂದರೆ ಕೈಯಲ್ಲಿರುವ ಚಹಾ ಬಿಟ್ಟು ಹೋಗಬೇಕು. “ನಿನ್ನಣ್ಣನ್ನ ಕಟ್ಟಿಕೊಂಡ ದಿನವೇ ನನಗೆ ಗೊತ್ತಾಗ್ಬೇಕಿತ್ತು” ಎಂದು ಬಂತೋ, ದೊಡ್ಡ ಪೈಪೇ ಸಿಡಿದಿದೆ ಎಂದು ಅರ್ಥ, ಚಪ್ಪಲಿ ಹುಡುಕಲೂ ನಿಲ್ಲಬಾರದು. ಯಾರೂ ಕೂತು ಮಾಡಿದ ಏರ್ಪಾಡಲ್ಲ ಇದು. ಇಷ್ಟು ವರ್ಷ ಬೈದು, ಬೈಸಿಕೊಂಡು ತಾನಾಗಿ ಕುದುರಿದ್ದು. ಇಡೀ ಪಟ್ಟಣದ ನೀರು ಇದರ ಮೇಲೆಯೇ ನಿಂತಿತ್ತೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಬ್ಯಾನರು ಕಟ್ಟಿದ ಮೇಲೆ ಕಚೇರಿಯ ಅಧಿಕಾರಿ ಮೇಡಂ ಎಲ್ಲರನ್ನೂ ಕರೆದು ಕೂರಿಸಿದರು. ಮೇಡಂ ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಮಾತಿಗೆ ಮುಂಚೆ ಒಂದು ಗುಟುಕು ನೀರು ಕುಡಿದು, ಅಷ್ಟರಲ್ಲಿ ಏನು ಹೇಳಬೇಕೆಂದು ಯೋಚಿಸುವ ಅಭ್ಯಾಸದವರು. ಹೊಸ ವರ್ಷಕ್ಕೆ ಒಬ್ಬೊಬ್ಬರೂ ಒಂದೊಂದು ಸಂಕಲ್ಪ ಹೇಳಬೇಕೆಂದರು. ಗುಮಾಸ್ತ ಜಗತ್ತಿನಲ್ಲಿ ಯುದ್ಧಗಳು ನಿಲ್ಲಲಿ ಎಂದ. ಅದಕ್ಕಾಗಿ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ, ಹಾಗಾಗಿ ನೆಮ್ಮದಿಯಿಂದ ಕೂತ. ವಾಲ್ವ್‌ಮನ್ ಎದ್ದು ನಿಂತು ತಲೆ ಕೆರೆದುಕೊಂಡ.

“ಮೇಡಂ, ತಾಳಿಕೆ ಅಂತ ಬರೆದಿದೆಯಲ್ಲ, ಅದು ಪೈಪಿಗೋ ನಮಗೋ?”

“ಊರಿಗೆ,” ಎಂದರು ಮೇಡಂ. “ಏನೇ ಬಂದ್ರೂ ಕುಸಿದು ಬೀಳದೆ ಮತ್ತೆ ಎದ್ದು ನಿಲ್ಲೋ ಥರ ನಮ್ಮ ಊರು ಇರ್ಬೇಕು. ಅದಕ್ಕೆ ಪೈಪೂ ಬೇಕು, ನಾವೂ ಬೇಕು.”

“ಹಂಗಾದ್ರೆ ನಾನು ಕೆಲಸದ ಹೊತ್ತಲ್ಲಿ ಮಲಗೋದಿಲ್ಲ,” ಎಂದು ಅವನು ಉದಾರವಾಗಿ ಹೇಳಿದ. “ಆದಷ್ಟು.”

ಜೋರಮ್ಮನ ಸರದಿ ಬರುವ ಮುಂಚೆ ಮೇಡಂ ಸಭೆ ಮುಗಿಸಿ, ಅವಳೊಬ್ಬಳನ್ನು ಒಳಗೆ ಕರೆದರು. ಗುಟುಕು ನೀರು ಕುಡಿದರು. ಆ ಗುಟುಕು ತುಸು ಉದ್ದವಾಯಿತು.

“ಅಕ್ಕಾ, ಮೇಲಿನ ಕಚೇರಿಗೆ ಒಂದು ದೂರು ಹೋಗಿದೆ. ದೊಡ್ಡ ಮನುಷ್ಯರೊಬ್ಬರದು. ಅವರ ನಲ್ಲಿ ಅವರ ಮಾತಿನ ಥರಾನೇ, ಗಾಳಿ ಜಾಸ್ತಿ ನೀರು ಕಡಿಮೆ ಅಂದ್ರಂತೆ ನೀವು.”

“ಅಂದೆ. ಗಾಳಿ ಹೋಗೋಕೆ ಏನು ಮಾಡ್ಬೇಕು ಅಂತಾನೂ ಹೇಳಿಕೊಟ್ಟೆ. ಅದನ್ನ ಬರೆದಿಲ್ವಾ?”

“ಬರೆದಿಲ್ಲ.” ಮೇಡಂ ಮೇಜಿನ ಅಂಚನ್ನು ನೋಡಿದರು. “ಶನಿವಾರ ಸಂಜೆ ನಾನು ಉತ್ತರ ಕಳಿಸ್ಬೇಕು. ಅಷ್ಟರಲ್ಲಿ ನಿಮ್ಮ ಮಾತಿನ ಬಗ್ಗೆ ಇನ್ನೊಂದೇ ಒಂದು ದೂರು ಬಂದ್ರೂ ವಿಷಯ ನನ್ನ ಕೈಲಿರಲ್ಲ. ನಿಮ್ಮನ್ನ ಹಿಂದುಗಡೆ ಮೀಟರ್ ಉಗ್ರಾಣಕ್ಕೆ ಹಾಕ್ತಾರೆ. ನನಗೆ ಅದು ಇಷ್ಟ ಇಲ್ಲ.”

ಮೀಟರ್ ಉಗ್ರಾಣ ಜೋರಮ್ಮನಿಗೆ ಗೊತ್ತಿತ್ತು. ಕೆಟ್ಟ ಮೀಟರುಗಳು ನೆಲದಿಂದ ಮಾಡಿನವರೆಗೆ ಗುಡ್ಡೆಬಿದ್ದ ಕೋಣೆ. ಎಲ್ಲ ಮುಳ್ಳುಗಳೂ ಎಲ್ಲೆಲ್ಲೋ ನಿಂತಿವೆ. ಫೋನಿಲ್ಲ. ಅಲ್ಲಿ ಕೂತವರು ಮೀಟರಿಗೆ ಬೈಯಬೇಕು, ಇಲ್ಲ ತಮ್ಮಷ್ಟಕ್ಕೆ ಬೈದುಕೊಳ್ಳಬೇಕು. ಮನೆಯಲ್ಲೇನು ಮಾತಿನ ಹೊಳೆ ಹರಿಯುತ್ತಿತ್ತೇ? ಅವಳ ಗಂಡ ಗಡಿಯಾರ ರಿಪೇರಿಯವನು. ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಆ ಮನುಷ್ಯ ಊಟಕ್ಕೆ ಕರೆದರೂ ತಲೆಯಲ್ಲೇ ಉತ್ತರ ಕೊಡುವವನು. ಗೋಡೆ ತುಂಬ ಗಡಿಯಾರಗಳು ಒಟ್ಟಿಗೆ ಟಿಕ್ಕೆನ್ನುವಾಗ ಮನೆಯ ಮೌನ ಇನ್ನಷ್ಟು ದಪ್ಪಗಾಗುತ್ತಿತ್ತು. ಅವಳ ಪಾಲಿಗೆ ಲೋಕ ಎನ್ನುವುದು ಆ ಫೋನಿನ ತಂತಿಯ ತುದಿಯಲ್ಲಿತ್ತು. ಅದನ್ನು ಕಿತ್ತರೆ?

ಆ ಸಂಜೆಯೇ ಅವಳು ಮನೆಯಲ್ಲಿ ಅಭ್ಯಾಸ ಶುರುಮಾಡಿದಳು.

“ರೀ, ನಿಮಗೆ ತೊಂದರೆ ಇಲ್ಲಾಂದ್ರೆ, ಇನ್ನೊಂದು ಲೋಟ ಕಾಫಿ ಕೊಡಲಾ?”

ಗಂಡನ ಕೈಯಿಂದ ಸಾಸಿವೆಯಷ್ಟು ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಹುಡುಕಲಿಲ್ಲ. ಭೂತಗನ್ನಡಿ ತೆಗೆದು ಅವಳ ಮುಖವನ್ನೇ ನೋಡಿದ.

“ಡಾಕ್ಟರ್ ಏನಂದ್ರು?” ಎಂದ.

“ಯಾವ ಡಾಕ್ಟರು?”

“ನನ್ನ ಹತ್ರ ಮುಚ್ಚಿಡಬೇಡ. ನಿಜ ಹೇಳು.”

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅವಳಿಗೂ ಹೆಚ್ಚು ವಿವರಿಸಲು ಮನಸ್ಸಾಗಲಿಲ್ಲ. ವಿವರಿಸಲು ಹೋದರೆ ದನಿ ಏರುತ್ತದೆ, ದನಿ ಏರಿದರೆ ಅಭ್ಯಾಸ ಕೆಡುತ್ತದೆ. ಅವಳು ಮಲಗಿದ ಮೇಲೆ ಅವನು ತಮ್ಮನಿಗೆ ಫೋನು ಮಾಡಿದ. ವರ್ಷಕ್ಕೊಮ್ಮೆ ಮಾತಾಡುವ ಅಣ್ಣ ತಾನಾಗಿ ಫೋನು ಮಾಡಿ, “ನಿನ್ನ ಅತ್ತಿಗೆ ಯಾಕೋ ತುಂಬ ಮೃದುವಾಗಿದಾಳೆ ಕಣೋ” ಎಂದು ಹೇಳಿ ಇಟ್ಟುಬಿಟ್ಟರೆ ವಾಲ್ವ್‌ಮನ್ನಿಗೆ ನಿದ್ದೆ ಎಲ್ಲಿಂದ ಬರಬೇಕು?

ಮರುದಿನ ದೂರಿನ ಫೋನಿಗೆ ಮೊದಲು ಬಂದದ್ದು ಬೇಕರಿಯವನು. ಹಿಟ್ಟು ಕಲಸುವ ಹೊತ್ತಿಗೆ ನೀರು ಸಣ್ಣಗೆ ಬರುತ್ತದೆಂದು ವಾರಕ್ಕೊಮ್ಮೆಯಾದರೂ ಬೈಸಿಕೊಳ್ಳುವ ಗಿರಾಕಿ.

“ನಮಸ್ಕಾರ. ನೀರು ಸರಬರಾಜು ಕಚೇರಿ. ಹೊಸ ವರ್ಷ ನಿಮಗೂ ನಿಮ್ಮ ಮನೆಯವರಿಗೂ ಒಳ್ಳೇದು ಮಾಡಲಿ. ನನ್ನಿಂದ ಏನಾಗ್ಬೇಕು ಹೇಳಿ.”

ಆ ಕಡೆ ಫೋನು ಇಟ್ಟ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗಾಯಿತು.

“ರಾಂಗ್ ನಂಬರ್ ಬಿತ್ತು ಅನ್ಸುತ್ತೆ. ಜೋರಮ್ಮ ಇಲ್ವಾ?”

“ನಾನೇ ಮಾತಾಡ್ತಿರೋದು.”

ಮೌನ. ಜೋರಮ್ಮನಿಗೆ ಫೋನಿನ ಮೌನಗಳು ಚೆನ್ನಾಗಿ ಗೊತ್ತು. ಸುಳ್ಳು ಹೇಳುವ ಮುಂಚಿನ ಮೌನ ಒಂದು, ಬೈಗುಳ ನುಂಗುವ ಮೌನ ಒಂದು, ಹೆಂಡತಿ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿರುವಾಗಿನ ಮೌನ ಇನ್ನೊಂದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಬಾಗಿಲು ತೆಗೆದು ನೋಡಿದರೆ ಮನೆಯೇ ಇಲ್ಲದಿದ್ದರೆ ಹೇಗೋ ಹಾಗಿತ್ತು.

“ಅಕ್ಕಾ,” ಎಂದ ಬೇಕರಿಯವನು, ದನಿ ಇಳಿಸಿ, “ಏನಾಗಿದೆ ಹೇಳಿಬಿಡಿ. ನೀರಿಗೇನಾದ್ರೂ ಬಿದ್ದಿದ್ಯಾ?”

“ಏನೂ ಆಗಿಲ್ಲ. ದಯವಿಟ್ಟು ಗಾಬರಿಯಾಗಬೇಡಿ.”

ಗಾಬರಿಯಾಗಬೇಡಿ ಎನ್ನುವುದಕ್ಕಿಂತ ಗಾಬರಿಯ ಮಾತು ಬೇರೆ ಯಾವುದಿದೆ? ಬೇಕರಿಯವನು ಇದ್ದಬದ್ದ ಪಾತ್ರೆಗಳನ್ನೆಲ್ಲ ನಲ್ಲಿಯ ಕೆಳಗಿಟ್ಟ. ಬ್ರೆಡ್ಡು ಕೊಳ್ಳಲು ಬಂದವರು ಏನು ವಿಷಯ ಎಂದು ಕೇಳಿದರು. “ನನಗೇನೂ ಗೊತ್ತಿಲ್ಲಪ್ಪ. ಜೋರಮ್ಮ ನಮಸ್ಕಾರ ಅಂದಳು, ಅಷ್ಟೇ,” ಎಂದ. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಗಾಳಿಮಾತಿಗೆ ರೆಕ್ಕೆ ಬಂದಿತ್ತು. ಟ್ಯಾಂಕಿನಲ್ಲಿ ವಿಷ ಬೆರೆತಿದೆಯಂತೆ ಎಂದು ಒಬ್ಬರು, ಇನ್ನು ತಿಂಗಳುಗಟ್ಟಲೆ ನೀರಿಲ್ಲವಂತೆ ಎಂದು ಇನ್ನೊಬ್ಬರು. ವಿಷವಿದ್ದರೆ ತುಂಬಿಸಿಟ್ಟುಕೊಳ್ಳುವುದು ಯಾಕೆ ಎಂದು ಯಾರೂ ಕೇಳಲಿಲ್ಲ, ಎರಡನ್ನೂ ನಂಬಿ ಬಕೆಟ್ಟು ಹುಡುಕಿದರು. ಪರೀಕ್ಷೆ ಮಾಡಿ ನೋಡಬೇಕೆಂದು ಕಚೇರಿಗೆ ಫೋನು ಮಾಡಿದವರಿಗೆಲ್ಲ ಅದೇ ಜೇನಿನಂಥ ದನಿ ಕೇಳಿಸಿತು. ಅವರೂ ಬಕೆಟ್ಟು ತಂದಿಟ್ಟರು.

ಈ ಗದ್ದಲದ ನಡುವೆ ಒಂದು ಫೋನು ಬಂತು. ಎತ್ತಿದರೆ ಮಾತಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಬೇರೆ ದಿನವಾಗಿದ್ದರೆ “ಬಾಯಲ್ಲೇನು ಅವಲಕ್ಕಿ ಇಟ್ಕೊಂಡಿದೀರಾ” ಎಂದು ಜೋರಮ್ಮ ಇಟ್ಟುಬಿಡುತ್ತಿದ್ದಳು. ಈಗ ಇಡುವಂತಿಲ್ಲ. ಕಾದಳು.

“ಬೈಯೋದಿಲ್ಲ ಅಲ್ವಾ?” ಎಂದಿತು ಒಂದು ಸಣ್ಣ ಮುದಿ ದನಿ.

“ಇಲ್ಲ. ಹೇಳಿ ಅಜ್ಜಿ.”

“ಈಗ ಬೈಯೋದು ಬಿಟ್ಟಿದಾರೆ ಅಂತ ಕೆಳಗಿನ ಮನೆಯವಳು ಹೇಳಿದ್ಳು. ಅದಕ್ಕೇ ಮಾಡ್ದೆ. ನಾನು ಮೆಟ್ಟಿಲು ಬೀದಿಯ ಕೊನೇ ಮನೆ. ನಮ್ಮ ನಲ್ಲಿಗೆ ನೀರು ಬರಲ್ಲ ತಾಯಿ.”

“ಎಷ್ಟು ದಿನ ಆಯ್ತು?”

“ಅಯ್ಯೋ, ದಿನ ಎಲ್ಲಿ. ವರ್ಷಾನೇ ಆಗಿರ್ಬೇಕು. ಕೆಳಗಿನ ಮನೆಯಿಂದ ಚೊಂಬಲ್ಲಿ ತಂದ್ಕೋತೀನಿ. ಒಂದ್ಸಲ ಪಕ್ಕದ ಮನೆಯವನು ನಿಮಗೆ ಫೋನು ಮಾಡಿದ್ದ, ನೀವು ಬೈದಿದ್ದು ಫೋನಿಂದ ಆಚೆ ನನ್ನ ಕಿವಿಗೇ ಬಿತ್ತು. ಈ ವಯಸ್ಸಲ್ಲಿ ನನಗ್ಯಾಕೆ ಅಂತ ಸುಮ್ಮನಿದ್ದೆ.”

ಮೆಟ್ಟಿಲು ಬೀದಿಯಿಂದ ದೂರೇ ಬರುವುದಿಲ್ಲ, ಅಲ್ಲಿನ ಪೈಪು ಚಿನ್ನದಂಥದು ಎಂದು ಜೋರಮ್ಮನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದಳು. ಅಷ್ಟೊಂದು ಬಗೆಯ ಮೌನಗಳನ್ನು ಬಲ್ಲವಳಿಗೆ, ಬಾರದೇ ಇರುವ ಫೋನೂ ಒಂದು ಮೌನ ಎಂಬುದು ಮಾತ್ರ ಹೊಳೆದಿರಲಿಲ್ಲ. ದಯೆ ಎಂದು ಬರೆದ ಬಟ್ಟೆಯನ್ನು ಅವಳು ಬೆಳಗಿನಿಂದ ಎಷ್ಟು ಶಪಿಸಿದ್ದಳೋ ಅಷ್ಟನ್ನೂ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡಳು.

ವಾಲ್ವ್‌ಮನ್ನಿಗೆ ಫೋನು ಮಾಡಿದಳು. ಮೇಡಂ ಎದುರಿನ ಮೇಜಿನಲ್ಲೇ ಇದ್ದರು.

“ಮೈದುನಾ, ನಿಮಗೆ ಬಿಡುವಾದಾಗ ಮೆಟ್ಟಿಲು ಬೀದಿಗೆ ಹೋಗಿ ಬರ್ತೀರಾ? ಕೊನೇ ಮನೆ. ಸಹಾಯ ಆಗುತ್ತೆ.”

ಆ ಕಡೆಯಿಂದ ನಡುಗುವ ದನಿ. “ಅತ್ತಿಗೆ, ನನ್ನನ್ನ ಕೆಲಸದಿಂದ ತೆಗೀತಿದಾರಾ?”

“ಇಲ್ಲಪ್ಪ.”

“ಮತ್ತೆ ‘ನೀವು’ ಅಂತಿದೀರಿ?”

“ಇಲ್ಲ, ಏನಿಲ್ಲ. ಬಿಡುವಾದಾಗ ಹೋಗಿ ಬನ್ನಿ.”

ಬಿಡುವಾದಾಗ ಎಂದರೆ ಯಾವಾಗ ಎಂಬುದು ವಾಲ್ವ್‌ಮನ್ನಿಗೆ ತಿಳಿಯಲಿಲ್ಲ. ಅವನ ಬಳಿ ಇದ್ದ ಅಳತೆಯಲ್ಲಿ ಈ ಮಾತೇ ಇರಲಿಲ್ಲ. “ಏನಯ್ಯಾ”ಗಿಂತಲೂ ಕೆಳಗೆ ಬರುವಂಥದ್ದು, ಅಂದರೆ ತುರ್ತೇನೂ ಇಲ್ಲ ಎಂದು ಲೆಕ್ಕ ಹಾಕಿ, ಹೊಸ ವರ್ಷಕ್ಕೆ ಕ್ಷೌರ ಮಾಡಿಸಿಕೊಳ್ಳಲು ಹೋಗಿ ಕುಳಿತ. ಪಟ್ಟಣದ ತಗ್ಗಿನ ಬೀದಿಗಳ ನಲ್ಲಿಗಳೆಲ್ಲ ಅಷ್ಟರಲ್ಲಿ ತೆರೆದುಕೊಂಡಿದ್ದವು. ತಗ್ಗಿನವರು ಎಳೆದುಕೊಂಡರೆ ಎತ್ತರದವರಿಗೆ ಏರುವುದಿಲ್ಲ. ಎತ್ತರದಲ್ಲಿ ಮೆಟ್ಟಿಲು ಬೀದಿಯಿತ್ತು, ಅದರ ಪಕ್ಕದಲ್ಲೇ ಹೆರಿಗೆ ಆಸ್ಪತ್ರೆಯೂ ಇತ್ತು.

ಆಸ್ಪತ್ರೆಯ ನರ್ಸು ಫೋನು ಮಾಡಿದಾಗ ಅವಳಿಗೆ ಜೋರಮ್ಮನ ದನಿಯ ಬಗ್ಗೆ ಯೋಚಿಸುವಷ್ಟೂ ಪುರಸೊತ್ತಿರಲಿಲ್ಲ. “ನಮ್ಮ ಟ್ಯಾಂಕು ತಳ ಕಂಡಿದೆ. ಒಳಗೆ ಇಬ್ಬರು ನೋವಲ್ಲಿದಾರೆ,” ಎಂದಷ್ಟೇ ಹೇಳಿ ಇಟ್ಟಳು.

ಮೇಡಂ ಎದ್ದು ನಿಂತರು. ಗುಟುಕು ನೀರು ಕುಡಿಯಲು ಲೋಟ ಎತ್ತಿ, ಯಾಕೋ ಕುಡಿಯದೆ ಕೆಳಗಿಟ್ಟರು. “ಜೀಪಿಗೆ ಮೈಕು ಕಟ್ಟಿಸಿ. ನಾನೇ ಹೋಗಿ ಹೇಳ್ತೀನಿ.” ಹೋದರು, ಪ್ರಾಮಾಣಿಕವಾಗಿಯೇ ಹೇಳಿದರು. “ಮಾನ್ಯ ನಾಗರಿಕರೇ, ನೀರಿನಲ್ಲಿ ಯಾವುದೇ ದೋಷವಿಲ್ಲ. ದಯವಿಟ್ಟು ಶಾಂತಿಯಿಂದಿರಿ. ಸಂಗ್ರಹಿಸಬೇಡಿ.” ಆ ಇಂಪಾದ ದನಿ ಒಂದೊಂದು ಬೀದಿ ದಾಟಿದಂತೆ ಹಿಂದೆ ಇನ್ನಷ್ಟು ನಲ್ಲಿಗಳು ತೆರೆದುಕೊಂಡವು. ಇದುವರೆಗೆ ನಂಬದಿದ್ದವರೂ ಈಗ ನಂಬಿದರು. ಜೀಪು ಬಂದಿದೆ ಎಂದ ಮೇಲೆ ಇನ್ನೇನು ಬೇಕು? ಒಬ್ಬಳು ತೊಟ್ಟಿಲಿಗೆ ಪ್ಲಾಸ್ಟಿಕ್ಕು ಹಾಸಿ ನೀರು ತುಂಬಿಸುತ್ತಿರುವುದನ್ನು ಮೇಡಂ ಕಣ್ಣಾರೆ ನೋಡಿದರು.

ವಾಪಸ್ಸು ಬಂದ ಅವರ ಮುಖ ಹುಳ್ಳಗಾಗಿತ್ತು. ಜೋರಮ್ಮ ಮೇಡಂ ಮುಖ ನೋಡಿದಳು. ಮೇಡಂ ಕಿಟಕಿಯ ಕಡೆ ನೋಡಿದರು. ‘ಬೈಯಿರಿ’ ಎಂದು ಮೇಡಂ ಹೇಳುವಂತಿರಲಿಲ್ಲ. ಹೇಳಿದರೆ ಮೇಲಿನವರಿಗೆ ಏನೆಂದು ಉತ್ತರ ಕೊಡುವುದು? ‘ಬೈಯಲಾ’ ಎಂದು ಜೋರಮ್ಮ ಕೇಳುವಂತಿರಲಿಲ್ಲ. ಕೇಳಿದರೆ ಅದರ ಭಾರ ಆ ಚಿಕ್ಕ ಹೆಗಲ ಮೇಲೆ ಬೀಳುತ್ತಿತ್ತು. ಉಗ್ರಾಣದ ನಿಂತ ಮುಳ್ಳುಗಳು ಒಮ್ಮೆ ಅವಳ ಕಣ್ಣ ಮುಂದೆ ಬಂದವು. ಆಮೇಲೆ ಚೊಂಬು ಹಿಡಿದು ಮೆಟ್ಟಿಲು ಹತ್ತುವ, ಅವಳು ಕಂಡಿರದ ಒಂದು ಮುಖ ಬಂತು.

ಫೋನು ಎತ್ತಿ ಮೈದುನನ ನಂಬರು ಒತ್ತಿದಳು.

“ನಿನ್ನಣ್ಣನ್ನ ಕಟ್ಟಿಕೊಂಡ ದಿನವೇ ನನಗೆ ಗೊತ್ತಾಗ್ಬೇಕಿತ್ತು ಕಣೋ, ಇಡೀ ವಂಶಕ್ಕೇ ಕಿವಿ ಅನ್ನೋದು ಕನ್ನಡಕ ಸಿಕ್ಕಿಸೋಕೆ ಮಾತ್ರ ಅಂತ! ಎಲ್ಲಿ ಸತ್ತಿದೀಯಾ? ತಗ್ಗಿನ ವಾಲ್ವು ಅರ್ಧ ಮುಚ್ಚು, ಆಸ್ಪತ್ರೆ ಲೈನು ಪೂರ್ತಿ ಬಿಡು, ಆಮೇಲೆ ಮೆಟ್ಟಿಲು ಬೀದಿ ಕೊನೇ ಮನೆ ಪೈಪು ಸರಿಮಾಡು, ಹೋಗು!”

ಆ ಕಡೆಯಿಂದ ವಾಲ್ವ್‌ಮನ್ ಕಿರುಚಿದ ಸದ್ದು. “ಅತ್ತಿಗೆ ಹುಷಾರಾಗಿದಾರೆ! ಬಿಡಯ್ಯಾ ನನ್ನ, ಬಿಡು!” ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ, ಕೊರಳಲ್ಲಿ ಕ್ಷೌರಿಕನ ಬಟ್ಟೆ ಹಾಗೇ ಹಾರಾಡುತ್ತ ಅವನು ಸೈಕಲ್ಲಿನಲ್ಲಿ ಹೋದದ್ದನ್ನು ಪೇಟೆಯವರು ನೋಡಿದರು.

ಜೋರಮ್ಮ ಸೀದಾ ಜೀಪು ಹತ್ತಿದಳು. ಮೈಕನ್ನು ಬಾಯಿಯ ಹತ್ತಿರ ಹಿಡಿಯುವ ಅಗತ್ಯವೂ ಅವಳಿಗೆ ಬೀಳಲಿಲ್ಲ.

“ಏನ್ರೀ, ಎಲ್ಲಾರಿಗೂ ಒಟ್ಟಿಗೇ ಬುದ್ಧಿ ಕೆಟ್ಟಿದ್ಯಾ? ನೀರು ಚೆನ್ನಾಗೇ ಇದೆ, ಹಾಳಾಗಿರೋದು ನಿಮ್ಮ ತಲೆ! ಯಾರದು ಆ ಮಹಡಿಮನೆ, ಸ್ನಾನದ ತೊಟ್ಟಿ ತುಂಬಿಸಿ ಮೇಲೆ ಹಲಗೆ ಮುಚ್ಚಿರೋದು, ಮೊಸಳೆ ಸಾಕ್ತೀರಾ? ಬೇಕರಿಯವನೇ, ಹಿಟ್ಟಿನ ಡಬ್ಬಕ್ಕೂ ನೀರು ಬಿಟ್ಟಿದೀಯಂತೆ, ನಾಳೆ ಬ್ರೆಡ್ಡನ್ನ ಲೋಟದಲ್ಲಿ ಅಳೆದು ಮಾರು! ಮೇಲೆ ಹೆರಿಗೆ ಆಸ್ಪತ್ರೇಲಿ ಹುಟ್ಟೋ ಮಕ್ಕಳನ್ನ ತೊಳೆಯೋಕೆ ನೀರಿಲ್ಲ. ಇನ್ನೂ ಕಣ್ಣು ಬಿಟ್ಟಿಲ್ಲ ಅವು, ಆಗಲೇ ನಿಮ್ಮಂಥೋರ ಜೊತೆ ಬಾಳಬೇಕು ಅಂತ ಗೊತ್ತಾಗಿದ್ರೆ ವಾಪಸ್ ಹೋಗ್ತಿದ್ವು! ನಿಲ್ಲಿಸ್ರೀ ನಲ್ಲಿ! ಕೇಳಿಸ್ತಾ? ನಿಲ್ಲಿಸ್ದೇ ಇದ್ರೆ ನಾನೇ ಒಳಗೆ ಬರ್ತೀನಿ!”

ಕಿಟಕಿಗಳು ತೆರೆದುಕೊಂಡವು. ಮೊದಲ ಬೀದಿಯಲ್ಲಿ ಯಾರೋ “ಬೈತಿದಾಳೆ!” ಎಂದು ಒಳಗಿನವರಿಗೆ ಕೂಗಿ ಹೇಳಿದರು. “ನಿಜವಾಗ್ಲೂ? ಮನಸಾರೆ ಬೈತಿದಾಳಾ?” “ನೀನೇ ಕೇಳು!” ಎದೆಯ ಮೇಲಿದ್ದ ಕಲ್ಲು ಇಳಿಸಿದಂತೆ ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಏನೂ ಆಗಿಲ್ಲ, ಲೋಕ ಇದ್ದ ಹಾಗೇ ಇದೆ. ನಲ್ಲಿಗಳು ಒಂದೊಂದಾಗಿ ನಿಂತವು. ಮೊಸಳೆಯ ಮಾತು ತಮ್ಮ ಮನೆಗೇ ಹೇಳಿದ್ದೆಂದು ಎರಡು ಮಹಡಿಮನೆಯವರು ಹೆಮ್ಮೆಯಿಂದ ಜಗಳ ಕಾದರು. ಹೊತ್ತು ಮುಳುಗುವ ಮುಂಚೆ ಆಸ್ಪತ್ರೆಯ ನರ್ಸು ಮತ್ತೆ ಫೋನು ಮಾಡಿ, ನೀರು ಬಂತು, ಒಂದು ಹೆಣ್ಣು, ಒಂದು ಗಂಡು ಎಂದು ಹೇಳಿದಳು.

ಆದರೆ ಶನಿವಾರ ಇನ್ನೂ ಬಂದಿರಲಿಲ್ಲ.

ಇಡೀ ಪಟ್ಟಣಕ್ಕೆ ಮೈಕಿನಲ್ಲಿ ಬೈದವಳ ಮೇಲೆ ಒಂದು ದೂರೂ ಬಾರದೆ ಇರುತ್ತದೆಯೇ? ಜೋರಮ್ಮ ಆ ಉಳಿದ ದಿನಗಳನ್ನು ಮಾಮೂಲಿನಂತೆ ಬೈದುಕೊಂಡೇ ಕಳೆದಳು, ಆದರೆ ಒಂದೊಂದು ಬೈಗುಳವೂ ಕೊನೆಯದೇನೋ ಎನ್ನುವ ಹಾಗೆ ತುಸು ಪ್ರೀತಿಯಿಂದ ಬೈದಳು. ತನ್ನ ಲೋಟ, ಬಾಚಣಿಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಮೇಜಿನ ಕೆಳಗಿಟ್ಟಳು. ವಾಲ್ವ್‌ಮನ್ ಆ ಚೀಲ ನೋಡಿ, “ಅತ್ತಿಗೆ, ಉಗ್ರಾಣಕ್ಕೆ ಹೋದ್ರೂ ಅಲ್ಲಿಂದಲೇ ಕೂಗಿ. ನನಗೆ ಕೇಳಿಸುತ್ತೆ,” ಎಂದ. ಅವಳು ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದಳು.

ಶನಿವಾರ ಸಂಜೆ ಮೇಡಂ ದೂರಿನ ಮೇಜಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತರು. ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು. ಫೋನು ರಿಂಗಾಯಿತು. ಇಬ್ಬರೂ ಅದನ್ನೇ ನೋಡಿದರು. ಮೇಡಂ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿನ ಗುಂಡಿ ಒತ್ತಿದರು.

ಉಸಿರು. ಆಮೇಲೆ ಸಣ್ಣ ಮುದಿ ದನಿ. “ನನ್ನದೊಂದು ಕಂಪ್ಲೇಂಟಿದೆ. ಜೋರಮ್ಮನ ಮೇಲೆ.”

ಜೋರಮ್ಮ ಕಣ್ಣು ಮುಚ್ಚಿಕೊಂಡಳು. ಬೇರೆ ಯಾರೇ ಆಗಿದ್ದರೂ ಆಗುತ್ತಿತ್ತು.

“ಹೇಳಿ ಅಜ್ಜಿ,” ಎಂದರು ಮೇಡಂ.

“ಕೆಳಗಿನ ಬೀದಿಯವರಿಗೆಲ್ಲಾ ಬೈದ್ರಂತೆ. ಈ ವಾರ ಎಲ್ಲಿ ನೋಡಿದ್ರೂ ಅದೇ ಮಾತು. ಅವನಿಗೆ ಹಂಗೆ ಬೈದ್ರು, ಇವಳಿಗೆ ಹಿಂಗೆ ಬೈದ್ರು ಅಂತ ನಗ್ತಾರೆ. ನಮ್ಮದು ಮೆಟ್ಟಿಲು ಬೀದಿ, ಜೀಪು ಹತ್ತಲ್ಲ. ಒಂದಕ್ಷರಾನೂ ಕೇಳಿಸ್ಲಿಲ್ಲ. ನನಗೆ ಮಾತ್ರ ‘ಹೇಳಿ ಅಜ್ಜಿ, ಹೇಳಿ ಅಜ್ಜಿ’ ಅಂತ ಹೊರಗಿನವಳ ಥರ ಮಾತಾಡ್ಸಿದ್ರು. ನೀರೂ ನಮಗೆ ಕೊನೇಗೆ, ಬೈಗುಳಾನೂ ನಮಗೆ ಬರಲ್ಲ ಅಂದ್ರೆ ನಾವು ಈ ಊರಿನವರೋ ಅಲ್ವೋ?”

ಗುಮಾಸ್ತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮೇಡಂ ಮಾತ್ರ ನಗಲಿಲ್ಲ. ಗುಟುಕು ನೀರು ಕುಡಿದರು.

“ಇದು ದೂರೇ,” ಎಂದರು ಜೋರಮ್ಮನ ಕಡೆ ತಿರುಗಿ, ಗಂಭೀರವಾಗಿ. “ನಿಮ್ಮ ಮಾತಿನ ಬಗ್ಗೆಯೇ ಬಂದಿರೋ ದೂರು. ಮುಚ್ಚಿಡೋಕೆ ನನಗೆ ಬರಲ್ಲ.” ಮತ್ತೆ ಫೋನಿಗೆ, “ಅಜ್ಜಿ, ನಿಮಗೆ ಏನು ಪರಿಹಾರ ಬೇಕು?”

“ಬೈಸಿ ಕೊಡಿ.”

“ಬಂದ ದಿನವೇ ಬಗೆಹರಿದ ದೂರನ್ನ ನಮ್ಮಲ್ಲಿ ಯಾರೂ ಮೇಲಕ್ಕೆ ಕಳಿಸಲ್ಲ,” ಎಂದು ಮೇಡಂ ಯಾರಿಗೂ ಹೇಳದವರಂತೆ ಹೇಳಿ, ಗಡಿಯಾರ ನೋಡಿ, ರಿಸೀವರನ್ನು ಜೋರಮ್ಮನ ಮುಂದೆ ಹಿಡಿದರು. “ಬೇಗ.”

ಜೋರಮ್ಮ ತೆಗೆದುಕೊಂಡಳು. ಬಾಯಿ ತೆರೆದಳು. ಊರಿಗೆಲ್ಲ ಹಂಚುವಷ್ಟಿದ್ದ ಬೈಗುಳ ಎಲ್ಲಿ ಹೋಯಿತೋ, ಒಂದೂ ಬರಲಿಲ್ಲ. ಆ ಕಡೆ ಅಜ್ಜಿ ಕಾಯುತ್ತಿದ್ದಳು. ಅವಳು ಕಾಯುತ್ತಿರುವುದು ಕೇಳಿಸುತ್ತಿತ್ತು.

“ಅಲ್ಲಾ,” ಎಂದಳು ಜೋರಮ್ಮ ಕೊನೆಗೆ. ದನಿ ಒಡೆದಿತ್ತು, ಅದನ್ನು ಮುಚ್ಚಲು ಜೋರಾಗಿಯೇ ಹೇಳಿದಳು. “ಅಲ್ಲಾ ಅಜ್ಜೀ, ನಿಮಗೇನು ಬುದ್ಧಿಗಿದ್ಧಿ ಇದೆಯಾ? ವರ್ಷಗಟ್ಟಲೆ ಚೊಂಬು ಹಿಡ್ಕೊಂಡು ಮೆಟ್ಟಿಲು ಹತ್ತಿದೀರಾ, ಬಾಯಿಗೇನು ಬೀಗ ಹಾಕ್ಕೊಂಡಿದ್ರಾ? ನಾನೇನು ಹುಲಿನಾ? ಒಂದು ಫೋನು ಮಾಡೋಕೆ ಏನು ಧಾಡಿ? ಬಿದ್ದು ಸೊಂಟ ಮುರ್ಕೊಂಡಿದ್ರೆ ಯಾರು ನೋಡ್ತಿದ್ರು? ಇನ್ನೊಂದ್ಸಲ ನೀರು ನಿಂತು, ನೀವು ಸುಮ್ಮನೆ ಕೂತಿದ್ದು ಗೊತ್ತಾಗ್ಲಿ, ಅಲ್ಲಿಗೇ ಬಂದು ಬೈತೀನಿ, ತಿಳೀತಾ?”

ಅಜ್ಜಿ ಏನೂ ಅನ್ನಲಿಲ್ಲ. ಬಹಳ ಹೊತ್ತು. ಈ ಮೌನ ಯಾವುದೆಂದು ಜೋರಮ್ಮನಿಗೆ ಗೊತ್ತಾಗಲಿಲ್ಲ, ಆದರೂ ಇದನ್ನು ಕೇಳುತ್ತ ಎಷ್ಟು ಹೊತ್ತಾದರೂ ಕೂರಬಹುದು ಎನಿಸಿತು. ಅದರೊಳಗಿಂದ ಸಣ್ಣ ಸದ್ದೊಂದು ಬರುತ್ತಿತ್ತು. ಬಕೆಟ್ಟಿಗೆ ನೀರು ಬೀಳುವ ಸದ್ದು.

ಪಕ್ಕದ ಮೇಜಿನ ಫೋನು ಹೊಡೆದುಕೊಳ್ಳತೊಡಗಿತು. ಗುಮಾಸ್ತ ಇವಳ ಕಡೆ ನೋಡಿದ.

“ನೀನೇ ಎತ್ತಯ್ಯಾ,” ಎಂದು ಕೈಯಲ್ಲೇ ಗದರಿ, ಜೋರಮ್ಮ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. “ಬಕೆಟ್ಟು ತುಂಬಿ ಹರೀತಿದೆ ಅಜ್ಜಿ,” ಎಂದಳು, ಮೆಲ್ಲಗೆ. “ಹೋಗಿ, ನಲ್ಲಿ ನಿಲ್ಲಿಸಿ ಬನ್ನಿ. ನಾನಿಲ್ಲೇ ಇರ್ತೀನಿ.”